ಬೇರಿಲ್ಲದ ಚಿಗುರು

ಮಡಗಾಸ್ಕರ್ ದ್ವೀಪದ ದಕ್ಷಿಣ ಭಾಗದಲ್ಲಿ ಇಸಾಲೊ ಎಂಬ ಮರಳುಗಲ್ಲಿನ ಬೆಟ್ಟಸಾಲು ಇದೆ. ಗಾಳಿಮಳೆಗಳು ಕೊರೆದ ಆ ಬಂಡೆಗಳ ಬಿರುಕುಗಳಲ್ಲಿ, ಹಿಡಿ ಮಣ್ಣೂ ನಿಲ್ಲದ ಎಡೆಗಳಲ್ಲಿ, ಬೂದುಬಣ್ಣದ ಗಡಿಗೆಯನ್ನು ಕವುಚಿಟ್ಟಂತೆ ತೋರುವ ಒಂದು ಕುರುಚಲು ಸಸ್ಯ ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರು ಪ್ಯಾಕಿಪೋಡಿಯಂ ಗ್ರಾಸಿಲಿಯಸ್. ಪ್ಯಾಕಿಪೋಡಿಯಂ ಎಂದರೆ ಗ್ರೀಕ್ ಭಾಷೆಯಲ್ಲಿ ದಪ್ಪಪಾದ. ಆ ಬೆಟ್ಟವನ್ನು ತೋರಿಸುವ ಮಾರ್ಗದರ್ಶಿಗಳು ಫ್ರೆಂಚಿನಲ್ಲಿ ಅದನ್ನು ಆನೆಯ ಪಾದವೆಂದೇ ಕರೆಯುತ್ತಾರೆ. ಕಾಂಡವೇ ಅದರ ಜಲಪಾತ್ರೆ. ನವೆಂಬರಿನಿಂದ ಮಾರ್ಚ್‌ವರೆಗಿನ ಮಳೆಯನ್ನು ಒಡಲಲ್ಲಿ ತುಂಬಿಕೊಂಡು, ಉಳಿದ ಒಣ ತಿಂಗಳುಗಳಲ್ಲಿ ಎಲೆಯುದುರಿಸಿ, ಮುಳ್ಳಿನ ಗಿಡ್ಡ ಕೊಂಬೆಗಳನ್ನಷ್ಟೇ ಹೊತ್ತು ಅದು ಬಂಡೆಯ ಮೇಲೆ ಕಾದಿರುತ್ತದೆ. ಕಾಲ ಬಂದಾಗ ನೀಳವಾದ ತೊಟ್ಟುಗಳ ತುದಿಯಲ್ಲಿ ಹಳದಿ ಹೂ ಬಿಡುತ್ತದೆ. ಅಲ್ಲಿ ಕೊಡದ ಗಾತ್ರಕ್ಕೆ ಬಂದ ಗಿಡವೊಂದನ್ನು ಕಂಡರೆ, ಅದು ಹಲವು ದಶಕಗಳನ್ನು ಕಳೆದಿದೆಯೆಂದೇ ತಿಳಿಯಬೇಕು.

ಇಂಥ ಗಿಡ ಇಂದು ಸಾಗರದಾಚೆಯ ಮನೆಗಳ ಕಿಟಕಿಗಳಲ್ಲಿ ಕುಂಡವೇರಿ ಕುಳಿತಿದೆ. ಜಪಾನಿನಲ್ಲಂತೂ 2010ರ ದಶಕದಿಂದೀಚೆಗೆ ಕಾಂಡ ಉಬ್ಬಿದ ಗಿಡಗಳನ್ನು ಸಾಕುವುದು ಒಂದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಅಲ್ಲಿಯ ಹವ್ಯಾಸಿಗಳ ಮಾತಿನಲ್ಲಿ ಇವುಗಳಿಗೆ ಎರಡು ಬಗೆ: ಬೀಜದಿಂದ ಬೆಳೆಸಿದ್ದು 'ಮಿಶೋ', ಹುಟ್ಟಿದ ನೆಲದಿಂದ ಕಿತ್ತು ತಂದದ್ದು 'ಗೆಂಚಿಕ್ಯು'. ಬೆಲೆ ಹೆಚ್ಚು ಎರಡನೆಯದಕ್ಕೆ. ಬಿಸಿಲು ಸುಟ್ಟ ಕಲೆ, ಬಂಡೆಯ ಒತ್ತಡಕ್ಕೆ ಸೊಟ್ಟಗಾದ ಮೈ, ಬರಗಾಲದ ಗುರುತು, ಇವು ಕುಂಡದಲ್ಲಿ ಬರುವುದಿಲ್ಲವಷ್ಟೆ. ಕೊಳ್ಳುವವನು ಹಣ ತೆರುವುದು ಹೂವಿಗಲ್ಲ, ಆ ಗಿಡ ಬದುಕಿದ ವರ್ಷಗಳಿಗೆ.

ಆದರೆ ಆ ವರ್ಷಗಳ ಜೊತೆಗೆ ಬೇರು ಬರುವುದಿಲ್ಲ. ಕಲ್ಲಿನ ಬಿರುಕಿನಿಂದ ಕೀಳುವಾಗಲೇ ಅದು ಹರಿದುಹೋಗುತ್ತದೆ, ಉಳಿದದ್ದನ್ನೂ ಕತ್ತರಿಸುತ್ತಾರೆ. ಹೊರದೇಶದ ಮಣ್ಣನ್ನು ಜಪಾನಿನ ಕಾಯಿದೆ ಒಳಗೆ ಬಿಡದ ಕಾರಣ ತೊಳೆದು ಒಣಗಿಸಿ ಕಳುಹಿಸಲಾಗುತ್ತದೆ. ಹೀಗೆ ಬಂದ ಗಿಡವನ್ನು ಕುಂಡದಲ್ಲಿಟ್ಟು ಬೆಚ್ಚಗೆ ಕಾಪಾಡಿದರೆ ಕೆಲವೇ ವಾರಗಳಲ್ಲಿ ಹಸಿರು ಎಲೆ ಮೂಡಬಹುದು. ಮನೆಯವರಿಗೆ ಸಂತೋಷ. ವಾಸ್ತವವಾಗಿ ಆ ಚಿಗುರು ಹಳೆಯ ದಾಸ್ತಾನಿನ ವೆಚ್ಚ. ಎಂದೋ ಇಸಾಲೊದಲ್ಲಿ ಸುರಿದ ಮಳೆಯನ್ನೇ ಅದು ಖರ್ಚು ಮಾಡುತ್ತಿರುತ್ತದೆ. ಅಷ್ಟರೊಳಗೆ ಹೊಸ ಬೇರು ಇಳಿದರೆ ಗಿಡ ಉಳಿಯುತ್ತದೆ. ಇಳಿಯದಿದ್ದರೆ ಬೆರಳಿನಿಂದ ಒತ್ತಿದಾಗ ಗಟ್ಟಿಯಾಗಿದ್ದ ಕಾಂಡ ಮೆತ್ತಗಾಗಿ, ಒಳಗಿನಿಂದ ಕೊಳೆಯುತ್ತದೆ. ತಿಂಗಳುಗಟ್ಟಲೆ ಸತ್ತೂ ಬದುಕಿದಂತೆ ಕಾಣಬಲ್ಲ ಜೀವವಿದು. ಸಾಕುವವನ ಅಕ್ಕರೆ ಸುಳ್ಳಲ್ಲ. ಅವನು ರಾತ್ರಿ ಎದ್ದು ಚಳಿಯನ್ನು ಅಳೆಯುವವನೇ ಇರಬಹುದು. ಆದರೆ ಆ ಅಕ್ಕರೆ ಆರಂಭವಾಗುವುದು ಹಿಂಸೆ ನಡೆದುಹೋದ ಮೇಲೆ, ಮತ್ತು ಅವನು ಕೊಳ್ಳುವನೆಂಬ ಭರವಸೆಯಿಂದಲೇ ಅದು ನಡೆದದ್ದು.

ಕಾಯಿದೆ ಇಲ್ಲದೆ ಇಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗ್ಗೆ 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಪ್ಯಾಕಿಪೋಡಿಯಂ ಕುಲದ ಎಲ್ಲ ಗಿಡಗಳೂ ಅದರ ಪಟ್ಟಿಗಳಲ್ಲಿವೆ. ಗ್ರಾಸಿಲಿಯಸ್ ಎರಡನೆಯ ಅನುಬಂಧಕ್ಕೆ ಸೇರಿದ್ದು, ಎಂದರೆ ಪರವಾನಗಿ ಪಡೆದು ಮಾರಬಹುದು. ಪರವಾನಗಿಯೊಡನೆ ಬಂದ ಕಾಡುಗಿಡಗಳೂ ಉಂಟು, ಇಲ್ಲದೆ ಬಂದವೂ ಉಂಟು. ಮುದ್ರೆಯ ಕಾಗದ ನ್ಯಾಯಾಲಯಕ್ಕೆ ಸಾಲುತ್ತದೆ. ಬಂಡೆಯ ಬಿರುಕಿಗೆ ಎರಡೂ ಒಂದೇ. ಕಿತ್ತವನನ್ನು ದೂಷಿಸುವುದು ಸುಲಭ, ಆದರೆ ಬಡ ದೇಶದ ಆ ಕೂಲಿಗೆ ದಕ್ಕುವುದು ಕಡೆಯ ಬೆಲೆಯ ಅಲ್ಪಾಂಶ. ಹೆಚ್ಚಿನ ಹೊಣೆ ಹೆಚ್ಚಿನ ಹಣ ಇರುವಲ್ಲಿಯೇ ಇದೆ.

ಅದೇ ದ್ವೀಪದಿಂದ, ಅದೇ ಕಣಗಿಲೆಯ ಕುಟುಂಬದಿಂದ ಬಂದ ಇನ್ನೊಂದು ಗಿಡವನ್ನು ಕನ್ನಡ ನಾಡಿನ ಮಕ್ಕಳೂ ಬಲ್ಲರು. ಅಂಗಳದಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ತವರು ಮಡಗಾಸ್ಕರ್. ಅದು ಲೋಕವನ್ನೆಲ್ಲ ಸುತ್ತಿದ್ದು ಬೀಜದ ಮೂಲಕ. ಇಂದು ಗೋಡೆಯ ಸಂದಿನಲ್ಲಿಯೂ ತಾನಾಗಿ ಹುಟ್ಟುತ್ತದೆ.

ಗ್ರಾಸಿಲಿಯಸ್ಸಿಗೂ ಬೀಜವುಂಟು, ಹೊಸದಾಗಿದ್ದರೆ ಚೆನ್ನಾಗಿಯೇ ಮೊಳೆಯುತ್ತದೆ. ಪಡೆಯಲು ಮಾತ್ರ ತಾಳ್ಮೆ ಬೇಕು. ಸಾಮಾನ್ಯವಾಗಿ ಬೇರೆ ಬೇರೆಯಾದ ಎರಡು ಗಿಡಗಳು ಏಕಕಾಲಕ್ಕೆ ಹೂಬಿಡಬೇಕು. ಒಂದರ ಪರಾಗವನ್ನು ನೈಲಾನ್ ಎಳೆಯ ತುದಿಯಿಂದ ಇನ್ನೊಂದರ ಕಿರಿದಾದ ಕೊಳವೆಯೊಳಗೆ ಸೇರಿಸಬೇಕು. ಕೂಡಿದರೆ ಜೋಡಿ ಕೊಂಬಿನಂತಹ ಕಾಯಿ ಕಟ್ಟುತ್ತದೆ. ಬೀಜಕ್ಕೆ ರೇಷ್ಮೆಯಂತಹ ಕೂದಲಿರುವುದರಿಂದ ಕಾಯಿ ಬಿರಿಯುವ ಮುನ್ನ ತೆಳುಬಟ್ಟೆಯ ಚೀಲ ಕಟ್ಟದಿದ್ದರೆ ಎಲ್ಲವೂ ಗಾಳಿಯ ಪಾಲು. ಮೊಳೆತ ಸಸಿ ಮೂರನೆಯ ವರ್ಷದಲ್ಲಿಯೂ ನಿಂಬೆಹಣ್ಣಿಗಿಂತ ದೊಡ್ಡದಾಗದೆ ಇರಬಹುದು. ಮೈಯಲ್ಲಿ ಕಲೆಯಿಲ್ಲ, ಸೊಟ್ಟವಿಲ್ಲ. ಬಂದವರಿಗೆ ಕರೆದು ತೋರಿಸುವಂಥದು ಏನೂ ಇಲ್ಲ. ಬುಡವನ್ನು ಅಲುಗಿಸಿದರೆ ಮಾತ್ರ ಕದಲುವುದಿಲ್ಲ.