ಅಪ್ಪಣೆಯಿಲ್ಲದೆ ಇಳಿದ ಮೆಟ್ಟಿಲು

ಸೋಮವಾರದ ಮಧ್ಯಾಹ್ನ, ಎರಡು ಗಂಟೆ ದಾಟಿದೆ. ಮೂರಕ್ಕೆ ಶಾಲೆ ಬಿಡುತ್ತದೆ. ಹೊರಗೆ ಕೊರೆಯುವ ಚಳಿ, ಒಳಗೆ ರೇಡಿಯೇಟರಿನ ಶಾಖಕ್ಕೆ ಮಕ್ಕಳ ಕಣ್ಣು ಎಳೆಯುತ್ತಿವೆ. ಸೀಮೆಸುಣ್ಣದ ಪುಡಿ, ಪೆನ್ಸಿಲ್ ಕೆತ್ತಿದ ಚೂರು, ಉಣ್ಣೆ ಸ್ವೆಟರುಗಳ ಬೆಚ್ಚನೆಯ ವಾಸನೆ. ಬೆಳಗಿನಿಂದ ನಿಂತು ನಿಂತು ನಿಮ್ಮ ಮೀನಖಂಡ ಸೆಳೆಯುತ್ತಿದೆ, ಗಂಟಲು ಒಣಗಿದೆ. ನೀವು ಐದನೇ ತರಗತಿಯ ಟೀಚರ್. ಬೋರ್ಡಿನ ಕಡೆ ತಿರುಗಿ ಬರೆಯುವಾಗಲೂ ಹಿಂದೆ ಯಾರು ಯಾರಿಗೆ ಚೀಟಿ ದಾಟಿಸುತ್ತಿದ್ದಾರೆಂದು ನಿಮಗೆ ಗೊತ್ತು.

ಇದು ಷಿಕಾಗೊ ನಗರದ ಪಶ್ಚಿಮ ಭಾಗ. 1958ರ ಡಿಸೆಂಬರ್ 1. ಶಾಲೆಯ ಹೆಸರು ಅವರ್ ಲೇಡಿ ಆಫ್ ದಿ ಏಂಜೆಲ್ಸ್. ಸುತ್ತಲಿನ ಬೀದಿಗಳಲ್ಲಿ ಇಟಲಿ, ಐರ್ಲೆಂಡ್, ಪೋಲೆಂಡ್ ಮೂಲದ ಕುಟುಂಬಗಳಿವೆ. ಅವರ ಮಕ್ಕಳೆಲ್ಲ ಚರ್ಚಿನ ಪಕ್ಕದ ಈ ಶಾಲೆಗೇ ಬರುತ್ತಾರೆ. ಒಟ್ಟು ಸುಮಾರು 1,600 ಮಂದಿ. ಒಂದೊಂದು ಕೋಣೆಯಲ್ಲಿ ಐವತ್ತು, ಕೆಲವೆಡೆ ಅದಕ್ಕೂ ಹೆಚ್ಚು. ಕಲಿಸುವವರಲ್ಲಿ ಹೆಚ್ಚಿನವರು ಕಪ್ಪು ನಿಲುವಂಗಿಯ ಸಿಸ್ಟರ್‌ಗಳು. ನೀವು ಸಿಸ್ಟರ್ ಅಲ್ಲ, ಸಂಬಳಕ್ಕಿರುವ ಟೀಚರ್. ಅಂದು 206ನೇ ಕೋಣೆಯಲ್ಲಿ, ಈಗ ನೀವು ನಿಂತಿರುವ ಜಾಗದಲ್ಲಿ, ನಿಂತಿದ್ದವರು ಪರ್ಲ್ ಟ್ರಿಸ್ಟಾನೊ.

ಬಾಗಿಲು ತೆರೆದುಕೊಳ್ಳುತ್ತದೆ. ಹೊರಗೆ ಹೋಗಿದ್ದ ಹುಡುಗರು ಬಂದು ಹೊಗೆ ಎನ್ನುತ್ತಾರೆ.

ಮಕ್ಕಳು ಹೇಳುವುದನ್ನೆಲ್ಲ ನಂಬುತ್ತ ಕೂತರೆ ಪಾಠ ಮುಗಿಯುವುದಿಲ್ಲ. ಆದರೂ ಬಾಗಿಲಿಗೆ ಬರುತ್ತೀರಿ. ಮೂಗಿಗೆ ಮೊದಲು ತಾಗುವುದು ಕಾಗದ ಸುಟ್ಟ ಘಾಟು. ಅದರ ಹಿಂದೆಯೇ ಇನ್ನೊಂದು, ನೆಲಕ್ಕೆ ವರ್ಷಗಟ್ಟಲೆ ತಿಕ್ಕಿದ ಮೇಣ ಕಾದಾಗ ಏಳುವಂಥ ಜಿಡ್ಡು ವಾಸನೆ. ಉಸಿರು ಎಳೆದರೆ ನಾಲಿಗೆಯ ಬುಡ ಕಹಿಯಾಗುತ್ತದೆ. ಕಾರಿಡಾರಿನ ತುದಿ ಮಬ್ಬಾಗಿದೆ.

ಈಗ ಏನು ಮಾಡುತ್ತೀರಿ? ಶಾಲೆಯ ಕಟ್ಟಳೆ ಸ್ಪಷ್ಟವಾಗಿದೆ. ಅಪಾಯದ ಗಂಟೆ ಬಾರಿಸಲು, ಮಕ್ಕಳನ್ನು ಹೊರಗೆ ಕಳಿಸಲು ಮದರ್ ಸುಪೀರಿಯರ್ ಅಪ್ಪಣೆ ಬೇಕು. ಶಾಲೆಯ ಮುಖ್ಯಸ್ಥೆಯೂ ಅವರೇ. ನೀವು ಪಕ್ಕದ ಕೋಣೆಗೆ ಧಾವಿಸುತ್ತೀರಿ. ಅಲ್ಲಿರುವವರೂ ನಿಮ್ಮ ಹಾಗೆ ಸಂಬಳದ ಟೀಚರ್. ಅಪ್ಪಣೆಗಾಗಿ ಹುಡುಕಾಟ ನಡೆಯುತ್ತದೆ. ಮುಖ್ಯಸ್ಥೆ ತಮ್ಮ ಕಚೇರಿಯಲ್ಲಿಲ್ಲ. ಕಾಯಿಲೆ ಬಿದ್ದ ಟೀಚರ್ ಒಬ್ಬರ ಬದಲಿಗೆ ಅವರು ಕೆಳಗೆ ಪಾಠ ಮಾಡುತ್ತಿದ್ದಾರೆ. ಅದು ನಿಮಗೆ ಗೊತ್ತಿಲ್ಲ.

ಈ ಅರೆಕ್ಷಣದ ಭಾರವನ್ನು ಹೊತ್ತು ನೋಡಿ. ಕಸದ ಬುಟ್ಟಿಯೊಂದು ಹೊಗೆಯಾಡಿದ್ದಷ್ಟೇ ಆಗಿದ್ದರೆ? ಕೋಟು ಕೂಡ ಇಲ್ಲದ ಮಕ್ಕಳನ್ನು ಡಿಸೆಂಬರಿನ ಬೀದಿಗೆ ಇಳಿಸಿದ ಟೀಚರಿಗೆ ನಾಳೆ ಈ ಶಾಲೆಯಲ್ಲಿ ಯಾವ ಮುಖ ಉಳಿಯುತ್ತದೆ? ಅಂಗೈ ಬೆವರುತ್ತಿದೆ. ಹಿಂದೆ ಯಾವುದೋ ಮಗು ಕೆಮ್ಮುತ್ತದೆ, ಅದನ್ನು ಕೇಳಿ ಇನ್ನೊಂದು. ಇಬ್ಬರು ಟೀಚರ್‌ಗಳು ಮುಖ ಮುಖ ನೋಡಿಕೊಳ್ಳುತ್ತೀರಿ. ಸಾಲು ಹಿಡಿಸುತ್ತೀರಿ. ಪುಸ್ತಕ ಬಿಡಿ, ಚೀಲ ಬಿಡಿ, ನಡೆಯಿರಿ. ಮೆಟ್ಟಿಲ ಮೇಲೆ ನೂರು ಪುಟ್ಟ ಬೂಟುಗಳ ಟಪಟಪ. ಓಡಬೇಡಿ ಎಂದು ಹೇಳುವ ನಿಮ್ಮ ದನಿ ನಿಮಗೇ ಅಪರಿಚಿತವಾಗಿ ಕೇಳುತ್ತದೆ.

ಇಳಿಯುವ ದಾರಿಯಲ್ಲಿ ಅಪಾಯದ ಗಂಟೆಯ ಸ್ವಿಚ್ಚು. ಇಡೀ ಶಾಲೆಗೆ ಇರುವುದು ಎರಡು, ಎರಡೂ ದಕ್ಷಿಣದ ಕಟ್ಟಡದಲ್ಲೇ, ಗುರುತಿನ ಫಲಕವೂ ಇಲ್ಲದೆ. ನೀವು ಅದನ್ನು ಎಳೆಯುತ್ತೀರಿ. ಏನೂ ಕೇಳಿಸುವುದಿಲ್ಲ. ನಿಂತು ಮತ್ತೆ ಎಳೆಯುವಿರಾ, ಮಕ್ಕಳ ಜೊತೆ ಹೋಗುವಿರಾ? ಮಕ್ಕಳು ನಿಮ್ಮ ಬೆನ್ನನ್ನೇ ನೋಡಿಕೊಂಡು ನಡೆಯುತ್ತಿದ್ದಾರೆ. ಹೋಗುತ್ತೀರಿ. ಚರ್ಚಿನ ಬೆಂಚುಗಳ ಮೇಲೆ ಅವರನ್ನು ಕೂರಿಸುತ್ತೀರಿ. ಆಮೇಲೆ ತಿರುಗಿ ಆ ಕಟ್ಟಡದೊಳಕ್ಕೇ ಕಾಲಿಡುತ್ತೀರಿ. ನಿಮ್ಮ ಮಕ್ಕಳು ಕ್ಷೇಮ, ಯಾರೂ ನಿಮ್ಮನ್ನು ಕಳಿಸಿಲ್ಲ. ಸ್ವಿಚ್ಚನ್ನು ಮತ್ತೆ ಎಳೆಯುತ್ತೀರಿ. ಈ ಸಲ ಗಂಟೆ ಕಿವಿ ಹರಿಯುವಂತೆ ಕಿರುಚುತ್ತದೆ.

ಶಾಲೆಯೊಳಗೆ ಮಾತ್ರ. ಅದರ ತಂತಿ ಅಗ್ನಿಶಾಮಕ ಠಾಣೆಯವರೆಗೆ ಹೋಗುವುದಿಲ್ಲ.

ಇಲ್ಲಿಂದ ನೀವು ಉತ್ತರದ ಕಟ್ಟಡಕ್ಕೆ ಬರಬೇಕು. ಹೊರಗೆ ಇಟ್ಟಿಗೆ, ಒಳಗೆ ಬಹುಪಾಲು ಮರ. ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿದ್ದ ರಟ್ಟಿನ ಕಸದ ಡಬ್ಬಿಯಲ್ಲಿ ಹೊತ್ತಿದ ಕಿಡಿ ಯಾರ ಗಮನಕ್ಕೂ ಬಾರದೆ ಬಹಳ ಹೊತ್ತು ಕನಲಿದೆ. ಕಾವಿಗೆ ಅಲ್ಲಿನ ಕಿಟಕಿಯ ಗಾಜು ಒಡೆದು ಹೊರಗಿನ ಗಾಳಿ ನುಗ್ಗಿದ ಮೇಲೆ ಮರದ ಮೆಟ್ಟಿಲೇ ಹೊಗೆಗೂಡಾಗಿದೆ. ಕೆಳಗಿನ ಅಂತಸ್ತಿನಲ್ಲಿ ಬಾಗಿಲು ಮುಚ್ಚಿತ್ತು, ಅಲ್ಲಿನ ಮಕ್ಕಳು ಬದುಕಿದರು. ಮೇಲಂತಸ್ತಿನಲ್ಲಿ ಮೆಟ್ಟಿಲನ್ನು ಬೇರ್ಪಡಿಸುವ ಬಾಗಿಲೇ ಇರಲಿಲ್ಲ.

211ನೇ ಕೋಣೆಯಲ್ಲಿ ಎಂಟನೇ ತರಗತಿ. ಸಿಸ್ಟರ್ ಹೆಲೇನ್ ಮಕ್ಕಳನ್ನು ಸಾಲು ಹಿಡಿಸಿ ಬಾಗಿಲು ತೆರೆಯುತ್ತಾರೆ. ಹೊಗೆ ಮುಖಕ್ಕೆ ಬಡಿಯುತ್ತದೆ. ಮುಚ್ಚುತ್ತಾರೆ. ಹೊರಗೆ ಹೆಜ್ಜೆಯಿಟ್ಟರೆ ಉಸಿರು ಕಟ್ಟುತ್ತದೆ, ಒಳಗೆ ಉಳಿದರೆ ಯಾರಾದರೂ ಬರುವವರೆಗೆ ಕಾಯಬೇಕು. ಎರಡರಲ್ಲಿ ಒಂದು. ಉಳಿಯುತ್ತಾರೆ.

209ರಲ್ಲಿ ಸಿಸ್ಟರ್ ಡೇವಿಡಿಸ್ ಬಾಗಿಲ ಸಂದುಗಳಿಗೆ ಪುಸ್ತಕ ತುರುಕಲು ಹೇಳುತ್ತಾರೆ. ಮೇಜು ಕುರ್ಚಿಗಳನ್ನು ಬಾಗಿಲಿಗೆ ಒತ್ತರಿಸಲು ಹೇಳುತ್ತಾರೆ. ಆ ಕೋಣೆಯಲ್ಲಿ ತೀರಿಕೊಂಡ ಮಕ್ಕಳು ಇಬ್ಬರು. ಪಕ್ಕದ ಕೋಣೆಗಳ ಲೆಕ್ಕ ನೋಡಿದರೆ ಆ ಪುಸ್ತಕಗಳು ಎಷ್ಟು ಜೀವ ಉಳಿಸಿದವೆಂದು ತಿಳಿಯುತ್ತದೆ.

212ರಲ್ಲಿ ಸಿಸ್ಟರ್ ಕ್ಲೇರ್ ತೆರೇಸ್, 27 ವರ್ಷ. ಅವರ ಮುಂದೆ ನಿಮ್ಮ ಮಕ್ಕಳ ವಯಸ್ಸಿನವರೇ, ಐದನೇ ತರಗತಿ. ನೀವು ಈಗ ಅವರ ಮಗ್ಗುಲಲ್ಲಿದ್ದೀರಿ. ಬಾಗಿಲ ಮೇಲಿನ ಗಾಜು ಕಪ್ಪಾಗುತ್ತಿದೆ. ಹೊಗೆ ಮೊದಲು ಛಾವಣಿಗೆ ಅಂಟಿಕೊಂಡು ಹರಡುತ್ತದೆ, ಆಮೇಲೆ ಇಳಿಯುತ್ತದೆ, ತಲೆಮಟ್ಟಕ್ಕೆ, ಭುಜಕ್ಕೆ. ಕಣ್ಣಿಂದ ನೀರು, ಎದೆಯಲ್ಲಿ ಕೆಂಡ. ಮಕ್ಕಳನ್ನು ಕಿಟಕಿಗೆ ಕರೆದರೆ ಕಿಟಕಿಯ ಕಟ್ಟೆ ನೆಲದಿಂದ 37 ಇಂಚು, ಹತ್ತು ವರ್ಷದ ಮಗುವಿನ ಎದೆಮಟ್ಟ. ಹತ್ತಿದವರಿಗೆ ಕೆಳಗೆ ಕಾಣುವುದು 25 ಅಡಿ ಆಳದ ಗಟ್ಟಿ ನೆಲ. ತಪ್ಪಿಸಿಕೊಳ್ಳಲು ಇರುವ ಒಂದೇ ಕಬ್ಬಿಣದ ಏಣಿ ಕಾರಿಡಾರಿನ ಆ ಕೊನೆಯಲ್ಲಿದೆ, ಕಾರಿಡಾರು ಉರಿಯುತ್ತಿದೆ.

ಇಂಥ ಕೋಣೆಗಳಲ್ಲಿ ಕೆಲವು ಸಿಸ್ಟರ್‌ಗಳು ಮಕ್ಕಳಿಗೆ ಪ್ರಾರ್ಥಿಸಲು ಹೇಳಿದರು. ಈ ಮಾತು ಕೇಳಿ ಬೇಸರಪಡುವವರಿದ್ದಾರೆ. ನಾನು ಅವರ ಜೊತೆಗಿಲ್ಲ. ಐವತ್ತು ಮಕ್ಕಳು ಒಮ್ಮೆಗೇ ಬಾಗಿಲಿಗೆ ನುಗ್ಗಿದರೆ ಬಾಗಿಲೇ ಮೃತ್ಯುವಾಗುತ್ತದೆ. ಆ ಗಳಿಗೆಯಲ್ಲಿ ಅಷ್ಟೂ ಮಕ್ಕಳಿಗೆ ಬಾಯಿಪಾಠವಾಗಿರುವ, ಅವರನ್ನು ನಿಂತಲ್ಲೇ ಹಿಡಿದಿಡಬಲ್ಲ ಮಾತು ಒಂದೇ, ದಿನವೂ ಹೇಳುವ ಜಪಸರ. ಟೀಚರ್ ಕೈಯಲ್ಲಿ ಬೇರೇನು ಉಳಿದಿತ್ತು?

ಅಗ್ನಿಶಾಮಕ ಠಾಣೆಗೆ ಮೊದಲ ಕರೆ ತಲುಪಿದ್ದು 2:42ಕ್ಕೆ. ಕರೆಯಲ್ಲಿ ಹೇಳಿದ್ದು ಪಾದ್ರಿಗಳ ಮನೆಯ ವಿಳಾಸ, ಅದು ಪಕ್ಕದ ಬೀದಿ. ಬಂಡಿ ಅಲ್ಲಿಗೆ ಹೋಗುತ್ತದೆ. ಗೊತ್ತಾಗಿ ಇತ್ತ ತಿರುಗುತ್ತದೆ. ಎರಡು ಕಟ್ಟಡಗಳ ನಡುವಿನ ಅಂಗಳಕ್ಕೆ ಕಬ್ಬಿಣದ ಬೇಲಿ, ಗೇಟಿಗೆ ಬೀಗ. ಒಡೆಯಿರಿ. ಏಣಿ ತನ್ನಿ. ಏಣಿ ಗಿಡ್ಡ. ಕಿಟಕಿಗಳಲ್ಲಿ ಮುಖದ ಮೇಲೆ ಮುಖ, ಅಮ್ಮಾ ಎನ್ನುವ ಕೂಗು, ಗಾಜಿನ ಸದ್ದು. ಮಕ್ಕಳು ಬೀಳುತ್ತಿದ್ದಾರೆ. ಬಲೆ ಹಿಡಿಯಿರಿ. ತಾಯಂದಿರು ಕೋಟಿಲ್ಲದೆ ಓಡಿ ಬರುತ್ತಿದ್ದಾರೆ. ನೀರು ಏರುವಷ್ಟರಲ್ಲಿ ಒಳಗೆ ದಡ್ಡೆಂದು ಒಂದು ಸದ್ದು. ಛಾವಣಿ.

ನೀವು ಚರ್ಚಿನ ಪಕ್ಕದಲ್ಲಿ ನಿಂತಿದ್ದೀರಿ. ನಿಮ್ಮ ಮಕ್ಕಳ ತಲೆಗಳನ್ನು ಎಣಿಸುತ್ತೀರಿ. ಸರಿಯಿದೆ. ಮತ್ತೆ ಎಣಿಸುತ್ತೀರಿ.

ಆ ಬೆಂಕಿಗೆ 92 ಮಕ್ಕಳು ಮತ್ತು ಮೂವರು ಸಿಸ್ಟರ್‌ಗಳು ಬಲಿಯಾದರು. ಅವರಲ್ಲಿ ಗಾಯಗೊಂಡಿದ್ದ ಕೆಲವು ಮಕ್ಕಳು ಆಮೇಲಿನ ತಿಂಗಳುಗಳಲ್ಲಿ ಕಣ್ಣುಮುಚ್ಚಿದರು. ಕ್ಲೇರ್ ತೆರೇಸ್ ಜೊತೆಗೆ 210ರಲ್ಲಿ 43 ವರ್ಷದ ಸಿಸ್ಟರ್ ಸೆರಾಫಿಕಾ, 208ರಲ್ಲಿ 44 ವರ್ಷದ ಸಿಸ್ಟರ್ ಸೇಂಟ್ ಕೆನಿಸ್ ತಮ್ಮ ಮಕ್ಕಳೊಂದಿಗೇ ಹೋದರು. ಬೆಂಕಿ ಹೇಗೆ ಹೊತ್ತಿತೆಂದು ಅಧಿಕೃತವಾಗಿ ಎಂದೂ ತೀರ್ಮಾನವಾಗಲಿಲ್ಲ. ಕಟ್ಟಡಕ್ಕೆ ಹಬ್ಬಿದ್ದೇಕೆ ಎನ್ನುವುದಕ್ಕೆ ಮಾತ್ರ ಉತ್ತರವಿದೆ. ನೀರು ಚಿಮುಕಿಸುವ ಸ್ಪ್ರಿಂಕ್ಲರು, ಮೆಟ್ಟಿಲಿಗೆ ಬೆಂಕಿ ತಡೆಯುವ ಬಾಗಿಲು ಇರಲೇಬೇಕೆಂದು ಷಿಕಾಗೊ ನಗರ 1949ರಲ್ಲೇ ನಿಯಮ ಮಾಡಿತ್ತು, ಆದರೆ ಹೊಸ ಕಟ್ಟಡಗಳಿಗೆ ಮಾತ್ರ. ಹಳೆಯದು ಹಳೆಯದಾಗಿರುವ ಕಾರಣಕ್ಕೇ ವಿನಾಯಿತಿ ಪಡೆಯಿತು. ಕೆಲವೇ ವಾರಗಳ ಹಿಂದೆ ನಡೆದ ತಪಾಸಣೆಯಲ್ಲಿ ಈ ಶಾಲೆ ತೇರ್ಗಡೆಯೂ ಆಗಿತ್ತು. ಟೀಚರ್‌ಗಳಲ್ಲಿ ಯಾರೂ ಸೋಲಲಿಲ್ಲ. ಅವರ ಸುತ್ತ ಕಟ್ಟಿದ್ದ ಗೋಡೆ, ಅವರ ಮೇಲೆ ಹೇರಿದ್ದ ಕಟ್ಟಳೆ ಸೋತವು.

ಆಮೇಲೆ ಷಿಕಾಗೊದ ಶಾಲೆಗಳಿಗೆ ಸ್ಪ್ರಿಂಕ್ಲರು ಬಂತು, ಅಪಾಯದ ಗಂಟೆ ಅಗ್ನಿಶಾಮಕ ಇಲಾಖೆಗೆ ಜೋಡಣೆಯಾಯಿತು. ಭಾರತದಲ್ಲಿ ನಾವೂ ಇದೇ ದಾರಿಯಲ್ಲಿ ಕಲಿತೆವು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರ ಬೆಂಕಿಯಲ್ಲಿ 94 ಮಕ್ಕಳು ಸತ್ತ ಮೇಲೆ, 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಶಾಲೆಗಳೆಲ್ಲ ಅಗ್ನಿಸುರಕ್ಷೆ ಪಾಲಿಸಬೇಕೆಂದು ಆದೇಶಿಸಿತು. ಆದೇಶ ಕಾಗದದ ಮೇಲಿದೆ. ಮುಂದಿನ ಬಾರಿ ಮಗುವಿನ ಅಂಕಪಟ್ಟಿಗೆ ಸಹಿ ಹಾಕಲು ಶಾಲೆಗೆ ಹೋದಾಗ ಎರಡನೇ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗವಿದೆಯೇ ನೋಡಿ. ಆಮೇಲೆ ತರಗತಿಯ ಟೀಚರನ್ನು ಕೇಳಿ: ಹೊಗೆ ಕಂಡರೆ ಯಾರ ಅಪ್ಪಣೆಗೂ ಕಾಯದೆ ಮಕ್ಕಳನ್ನು ಇಳಿಸಿಕೊಂಡು ಹೋಗಿ ಎಂದು ಆಡಳಿತದವರು ನಿಮಗೆ ಹೇಳಿದ್ದಾರೆಯೇ? ಹೇಳಿಲ್ಲದಿದ್ದರೆ, ಅಂದೇ ಹೇಳಿಸಿ.