ಗೋಡೆಯಿಲ್ಲದ ಕೋಟೆಬಾಗಿಲು

ಕುವೈತ್ ಸಿಟಿಯ ಫಹಾದ್ ಅಲ್-ಸಾಲೆಂ ರಸ್ತೆಯ ತುದಿ. ಶೆರಾಟನ್ ಸರ್ಕಲ್ಲಿನ ನಡುವೆ ಜಹ್ರಾ ಬಾಗಿಲು ಒಂಟಿಯಾಗಿ ನಿಂತಿದೆ. 1920ರಲ್ಲಿ ಊರಿಗೆ ಊರೇ ಸೇರಿ ತಿಂಗಳುಗಳಲ್ಲೇ ಕಟ್ಟಿದ ಮಣ್ಣಿನ ಕೋಟೆಗೋಡೆಯ ಬಾಗಿಲು ಇದು. ಎಣ್ಣೆಯ ದುಡ್ಡು ಬಂತು, ನಗರ ಬೆಳೆಯಿತು, 1957ರಲ್ಲಿ ಗೋಡೆ ಕೆಡವಿ ಬಾಗಿಲುಗಳನ್ನಷ್ಟೇ ಉಳಿಸಿಕೊಂಡರು. ಹಳೆಯ ಮಣ್ಣಿನ ಮನೆಗಳೂ ಬಹುಪಾಲು ಹೋದವು. ಬದಲಿಗೆ ಬಂದ ಕಾಂಕ್ರೀಟ್ ಕಟ್ಟಡಗಳಿಗೂ ಈಗ ವಯಸ್ಸಾಗಿದೆ. ಅವುಗಳಲ್ಲಿನ ಅಂಗಡಿಗಳ ಮುಂದಿರುವ ಕಂಬಸಾಲಿನ ನೆರಳು ಜುಲೈ ಬಿಸಿಲಲ್ಲಿ ಜೀವ ಉಳಿಸುತ್ತದೆ, ಈ ಕಟ್ಟಡಗಳನ್ನಾದರೂ ಕೆಡವದಿರಲಿ. ಸಮೀಪದಲ್ಲೇ ನಮ್ಮ ಮಂಗಳೂರಿನವರು ಬಲಿಪೂಜೆಗೆ ಸೇರುವ ಕ್ಯಾಥೋಲಿಕ್ ಚರ್ಚ್. ಕುವೈತಿಗೆ ಬಂದವರೇ, ಕುವೈತ್ ಟವರ್ಸ್ ಎದುರು ಫೋಟೋ ತೆಗೆದು ಹೊರಟುಬಿಡಬೇಡಿ. ಒಂದು ಸಂಜೆ ಈ ಬಾಗಿಲಿನಿಂದ ಸಫಾತ್ ಚೌಕದವರೆಗೆ ನಡೆದುಕೊಂಡೇ ಹೋಗಿ.