ಕೆಂಬಾಳೆಯೂ ಗಣಕದ ಕಣ್ಣೂ

ಚಿತ್ರವನ್ನು ನೋಡುವುದಕ್ಕೆ ಕಣ್ಣು ಸಾಕು. ಅದನ್ನು ಗಣಕಯಂತ್ರಕ್ಕೆ ತೋರಿಸುವುದಕ್ಕಾದರೋ ಲೆಕ್ಕ ಬರಬೇಕು. ಈ ಮಾತು ಮೊದಲ ಸಲ ಕೇಳುವವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗವಲ್ಲಿ ಬರೆದ ಯಾವ ಗೃಹಿಣಿಗೂ ಇದರ ಮರ್ಮವು ಅರ್ಧ ತಿಳಿದೇ ಇದೆ. ಹದಿನೈದು ಚುಕ್ಕಿ, ಹದಿನೈದು ಸಾಲು ಎಂದೊಡನೆಯೇ ಚಿತ್ರದ ಹರವು ಎಷ್ಟೆಂಬುದು ಆಕೆಯ ಬೆರಳಿಗೆ ಗೊತ್ತಾಗಿಬಿಡುತ್ತದೆ. ಗಣಕದ ಚಿತ್ರವೂ ಅಂಥದೇ. ಅದರ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ರಂಗವಲ್ಲಿಯಲ್ಲಿ ಚುಕ್ಕಿಗಳ ನಡುವೆ ಗೆರೆ ಸುಳಿಯುವುದಕ್ಕೆ ಎಡೆಯಿರುತ್ತದೆ. ಇಲ್ಲಿ ಚುಕ್ಕಿಗೆ ಚುಕ್ಕಿ ಒತ್ತಿಕೊಂಡೇ ಇರುತ್ತದೆ. ಒಂದೊಂದು ಚುಕ್ಕಿಯಲ್ಲಿಯೂ ಮೂರು ಸಂಖ್ಯೆಗಳು: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು, ಸೊನ್ನೆಯಿಂದ 255ರವರೆಗೆ. ಮೂರೂ ಸೊನ್ನೆಯಾದರೆ ಕಗ್ಗಪ್ಪು, ಮೂರೂ 255 ಆದರೆ ಅಚ್ಚ ಬಿಳುಪು. ಈ ಮೂರು ಸಂಖ್ಯೆಗಳನ್ನು ಬೆರಸಿ ಪಡೆಯಬಹುದಾದ ಬಣ್ಣಗಳು ಒಟ್ಟು 1,67,77,216. ಇಷ್ಟು ಬಣ್ಣಗಳಿಗೆ ಹೆಸರಿಡಬಲ್ಲ ಭಾಷೆ ಲೋಕದಲ್ಲಿ ಯಾವುದೂ ಇಲ್ಲ.

ಛಾಯಾಚಿತ್ರವನ್ನು ಹೀಗೆ ಚುಕ್ಕಿಗಳಾಗಿ ಒಡೆದು ಗಣಕದೊಳಕ್ಕೆ ಮೊದಲು ಇಳಿಸಿದವನು ರಸೆಲ್ ಕರ್ಶ್ ಎಂಬ ಅಮೆರಿಕದ ಎಂಜಿನಿಯರನು. 1957ರಲ್ಲಿ ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಆತನು ತನ್ನ ಮೂರು ತಿಂಗಳ ಹಸುಗೂಸಿನ ಭಾವಚಿತ್ರವನ್ನು ಯಂತ್ರಕ್ಕೆ ಕೊಟ್ಟನು. ಉದ್ದಕ್ಕೆ 176, ಅಡ್ಡಕ್ಕೆ 176; ಒಟ್ಟು 30,976 ಚುಕ್ಕಿಗಳು. ಇಂದು ಸಾಧಾರಣ ಮೊಬೈಲು ಸಹ ಕಣ್ಣು ಮಿಟುಕುವಷ್ಟರಲ್ಲಿ ಕೋಟಿಗೂ ಮೀರಿದ ಚುಕ್ಕಿಗಳನ್ನು ಹಿಡಿಯುತ್ತದೆ. ಶಾಸ್ತ್ರದ ಚರಿತ್ರೆಯಲ್ಲಿ ಮೊದಲು ಬಂದುದು ಒಂದು ಕೂಸಿನ ಮುಖವೆಂಬುದು ಸಂತೋಷದ ಸಂಗತಿ. ಆ ದಶಕದ ಗಣಕಗಳಿಗೆ ವಹಿಸಿದ್ದ ಇತರ ಕೆಲಸಗಳನ್ನು ನೆನೆದರೆ ಇನ್ನೇನು ಬೇಕಾದರೂ ಬರಬಹುದಾಗಿತ್ತು.

ಈ ವಿದ್ಯೆಯು ಈಗ ಕಲಬುರಗಿಯ ವಿದ್ಯಾರ್ಥಿಗಳ ಪಾಲಿಗೂ ಬಂದಿದೆ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರವೊಂದು ಈ ನಗರದಲ್ಲಿದೆ. ಅದರ 2022ರ ಪಠ್ಯಕ್ರಮದಲ್ಲಿ ಪೈಥಾನ್ ಎಂಬ ಗಣಕಭಾಷೆಯ ಪ್ರವೇಶಪಾಠವನ್ನು ಎಂಜಿನಿಯರಿಂಗಿನ ಮೊದಲನೆಯ ವರ್ಷದಲ್ಲಿಯೇ ಆರಿಸಿಕೊಳ್ಳಬಹುದಾಗಿತ್ತು. ಪೈಥಾನ್ ಎಂದೊಡನೆ ಹೆಬ್ಬಾವೆಂದು ಬೆದರುವವರುಂಟು. 1991ರಲ್ಲಿ ಅದನ್ನು ಲೋಕಕ್ಕೆ ಕೊಟ್ಟ ಡಚ್ ಪಂಡಿತ ಗೈಡೋ ವಾನ್ ರೋಸಮ್ ಹಾವನ್ನು ನೆನೆದವನಲ್ಲ. ತನಗೆ ಪ್ರಿಯವಾಗಿದ್ದ ಇಂಗ್ಲಿಷ್ ಹಾಸ್ಯತಂಡವೊಂದರ ಹೆಸರನ್ನು ಇಟ್ಟನು, ಅಷ್ಟೆ. ಭಾಷೆಯೂ ಹೆದರಿಸುವಂಥದಲ್ಲ. ಬೇರೆ ಗಣಕಭಾಷೆಗಳಲ್ಲಿ ಆವರಣಚಿಹ್ನೆಗಳು ಮಾಡತಕ್ಕ ಕೆಲಸವನ್ನು ಇಲ್ಲಿ ಸಾಲಿನ ಮೊದಲು ಬಿಟ್ಟ ಬರಿಯ ಎಡೆಯೇ ಮಾಡುತ್ತದೆ.

ಇಂಥ ಪಾಠಕ್ಕೆ ಕಮಲಾಪುರದ ರೈತರೊಬ್ಬರ ಮಗಳು ಹುಮನಾಬಾದ್ ಮಾರ್ಗದ ಬಸ್ಸಿನಲ್ಲಿ ದಿನವೂ ಬಂದು ಹೋಗುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು. ಉಪನ್ಯಾಸದ ಇಂಗ್ಲಿಷಿನಲ್ಲಿ ಅರ್ಧವು ಕಿವಿಯ ಹೊರಗೆಯೇ ಉಳಿಯುತ್ತಿತ್ತು. ಆಕೆಯನ್ನು ಕೈಹಿಡಿದು ಒಳಕ್ಕೆ ಕರೆದುಕೊಂಡದ್ದು ಒಂದು ಆಮೆ. ಮಕ್ಕಳಿಗಾಗಿ 1967ರಲ್ಲಿ ಹುಟ್ಟಿದ ಲೋಗೋ ಎಂಬ ಭಾಷೆಯ ಬಳುವಳಿಯಾಗಿ ಬಂದ ಈ ಆಮೆಯು ಪೈಥಾನಿನಲ್ಲಿ ಈಗಲೂ ಉಂಟು. ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಅಂಶ ತಿರುಗು ಎಂದರೆ ತೆರೆಯ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ನಾಲ್ಕು ಸಲ ಹಾಗೆಂದರೆ ಚೌಕ. ಆ ಚೌಕವನ್ನೇ ಹತ್ತು ಹತ್ತು ಅಂಶ ತಿರುಗಿಸಿ ಮೂವತ್ತಾರು ಸಲ ಬರೆಯಿಸಿದರೆ, ಅಪ್ಪಣೆಗಳು ಐದಾರು ಸಾಲು ಮೀರದಿದ್ದರೂ, ಹಬ್ಬದ ದಿನದ ರಂಗವಲ್ಲಿಯೇ ಅರಳುತ್ತದೆ.

ಆದರೆ ಆಮೆಯ ನಾಡಿನಿಂದ ಛಾಯಾಚಿತ್ರದ ನಾಡಿಗೆ ಬಂದ ದಿನವೇ ದಿಕ್ಕು ತಪ್ಪಿತು. ಆಮೆಗೆ ತೆರೆಯ ನಡುವೆ ಸೊನ್ನೆ. ಮೇಲಕ್ಕೆ ಹೋದಂತೆ ಎಣಿಕೆ ಏರುತ್ತದೆ. ಚಿತ್ರಗಳ ಕೆಲಸಕ್ಕಾಗಿ ಇರುವ ಪಿಲ್ಲೋ ಮೊದಲಾದ ಉಪಕರಣಗಳಲ್ಲಿಯಾದರೋ ಸೊನ್ನೆಯು ಎಡದ ಮೇಲುಮೂಲೆಯಲ್ಲಿದ್ದು, ಕೆಳಕ್ಕೆ ಇಳಿದಂತೆಲ್ಲ ಎಣಿಕೆ ಏರುತ್ತದೆ. ಶಾಲೆಯ ಜ್ಯಾಮಿತಿಯನ್ನು ನಂಬಿ ಬಂದವರಿಗೆ ಇದೊಂದು ಅನ್ಯಾಯವೆಂದೇ ತೋರುತ್ತದೆ. ಪುಸ್ತಕ ಓದುವವರ ಕಣ್ಣು ಎಡದ ಮೇಲುಮೂಲೆಯಿಂದ ಹೊರಟು ಸಾಲುಸಾಲಾಗಿ ಕೆಳಗಿಳಿಯುವಂತೆಯೇ ಇದು ಎಂದು ತಿಳಿದುಕೊಂಡರೆ ಕಸಿವಿಸಿ ಕಡಿಮೆಯಾಗುತ್ತದೆ.

ಆಕೆಯ ಧೈರ್ಯವನ್ನು ಹೆಚ್ಚಿಸಿದ ಇನ್ನೊಂದು ಸಂಗತಿಯುಂಟು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯು ಲೆಕ್ಕದ ಪಾತ್ರೆಗಳಿಗೆ ಇಡುವ ಹೆಸರುಗಳನ್ನು ಇಂಗ್ಲಿಷಿನಲ್ಲಿಯೇ ಇಡಬೇಕೆಂದು ಹಠ ಹಿಡಿಯುವುದಿಲ್ಲ. ಅಪ್ಪಣೆಯ ಪದಗಳು ಇಂಗ್ಲಿಷಿನವಾದರೂ, ಕೆಂಪು, ಹಸಿರು, ನೀಲಿ ಎಂದು ಕನ್ನಡದ ಅಕ್ಷರಗಳಲ್ಲಿ ಬರೆದರೆ ಯಂತ್ರವು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಕನ್ನಡದ ಅಂಕಿಗಳಲ್ಲಿ ಬರೆದು ಕೊಟ್ಟ ಅಕ್ಷರಮಾಲೆಯನ್ನೂ ಓದಿ ಸಂಖ್ಯೆಯಾಗಿ ಮಾಡಿಕೊಳ್ಳುತ್ತದೆ. ಅಧ್ಯಾಪಕರು ಇದನ್ನು ಕಂಡು ಮೊದಲು ನಕ್ಕರು. ಬಳಿಕ ತಾವೂ ಒಂದು ಸಲ ಮಾಡಿ ನೋಡಿದರು. ಬೇರೆ ಊರಿನವರು ಓದಬೇಕಾದ ಕೆಲಸದಲ್ಲಿ ಇದು ನಡೆಯದು ಎಂದು ಅವರು ಎಚ್ಚರಿಸಿದ್ದೂ ಸರಿಯೆ. ಆದರೂ ಕಲಿಯುವ ಕಾಲದಲ್ಲಿ, ಎಣಿಸುತ್ತಿರುವುದು ಯಾವುದನ್ನು ಎಂಬುದು ತನ್ನ ಮಾತಿನಲ್ಲಿಯೇ ಕಣ್ಣೆದುರಿಗಿದ್ದರೆ ಅದರಿಂದ ಆಗುವ ಉಪಕಾರವು ಸಣ್ಣದಲ್ಲ.

ಮೊದಲ ಅಭ್ಯಾಸಗಳಿಗೆ ಕಲಬುರಗಿಯ ಕೋಟೆಯೇ ಸಾಮಗ್ರಿಯಾಯಿತು. 1367ರಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ಕಟ್ಟಿದ ಅಲ್ಲಿಯ ಜಾಮಿ ಮಸೀದಿಗೆ ಬಯಲು ಅಂಗಳವಿಲ್ಲ. ಇಡಿಯ ಕಟ್ಟಡವೇ ಗುಮ್ಮಟಗಳಿಂದ ಮುಚ್ಚಿದೆ. ಒಳಗೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು ಕಮಾನು; ದೂರ ಹೋದಂತೆ ಬೆಳಕು ಕ್ಷೀಣಿಸುತ್ತದೆ. ಕತ್ತಲಾಗಿ ಬಂದ ಒಂದು ಚಿತ್ರವನ್ನು ಬೆಳಗಿಸಲೆಂದು ಆಕೆ ಪ್ರತಿಯೊಂದು ಸಂಖ್ಯೆಗೂ ನೂರು ಕೂಡಿಸಿದಳು. ಕತ್ತಲೆಯ ಮೂಲೆಗಳು ಬೆಳಗಿದವು ನಿಜ. ಆದರೆ ಬಿಸಿಲು ಬಿದ್ದ ಕಂಬಗಳು ಕಪ್ಪಿಟ್ಟವು! ಚುಕ್ಕಿಯ ಪಾತ್ರೆಯು 255ಕ್ಕಿಂತ ಹೆಚ್ಚನ್ನು ಹಿಡಿಯದು. 200ಕ್ಕೆ 100 ಕೂಡಿಸಿದರೆ ಅದು ತುಂಬಿ, ಮೊದಲಿಗೆ ಮರಳಿ, 44ರಲ್ಲಿ ನಿಲ್ಲುತ್ತದೆ, ಹನ್ನೆರಡು ದಾಟಿದ ಗಡಿಯಾರದಂತೆ. ಇದನ್ನು ಕಂಡ ದಿನ ಆಕೆಗೆ ಗಣಕದ ಸ್ವಭಾವವು ಹೊಳೆಯಿತೆನ್ನಬೇಕು. ಕಂಬವು ಬಿಸಿಲಿನಲ್ಲಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಕಂಬವೆಂಬುದೇ ಗೊತ್ತಿಲ್ಲ.

ಕಮಾನುಗಳ ಅಂಚನ್ನು ಕಂಡುಹಿಡಿಯುವುದು ಮುಂದಿನ ಪಾಠ. ಅಂಚೆಂದರೆ ಯಂತ್ರಕ್ಕೆ ಏನು? ಪಕ್ಕಪಕ್ಕದ ಚುಕ್ಕಿಗಳಲ್ಲಿ ಸಂಖ್ಯೆಯು ಥಟ್ಟನೆ ಹಾರಿದರೆ ಅದೇ ಅಂಚು; ಮೆಲ್ಲಮೆಲ್ಲನೆ ಏರಿದರೆ ಅದು ಅಂಚಲ್ಲ, ಇಳಿಜಾರು. ಈ ಹಾರಿಕೆಯನ್ನು ಅಳೆಯುವುದಕ್ಕೆ 1968ರಲ್ಲಿ ಇರ್ವಿನ್ ಸೋಬೆಲ್ ಎಂಬಾತನು ಸೂಚಿಸಿದ ಮೂರು ಮೂರರ ಕೋಷ್ಟಕವೊಂದು ಇಂದಿಗೂ ಬಳಕೆಯಲ್ಲಿದೆ. ಆದರೆ ಹಳೆಯ ಗೋಡೆಯ ಪ್ರತಿಯೊಂದು ಕಲೆಯೂ ಸಂಖ್ಯೆಯನ್ನು ಹಾರಿಸುತ್ತದಾದುದರಿಂದ, ಮೊದಲು ಚಿತ್ರವನ್ನು ಒಂದಿಷ್ಟು ಮಸುಕುಗೊಳಿಸಬೇಕು. ಸಣ್ಣ ಕಲೆಗಳು ಕರಗಿ, ಕಮಾನಿನ ಗೆರೆಯೊಂದೇ ನಿಲ್ಲುತ್ತದೆ. 

ಇಷ್ಟು ಕಲಿತ ಮೇಲೆ, ತಾವೇ ಆರಿಸಿದ ಚಿತ್ರದ ಮೇಲೆ ಕೆಲಸ ಮಾಡಿ ತರಬೇಕೆಂದು ಅಧ್ಯಾಪಕರು ಹೇಳಿದರು. ಮಾದರಿಯಾಗಿ ಅವರು ತೋರಿಸಿದ್ದು ಪೇಟೆಯ ಬಾಳೆ: ಹಸಿರಾದರೆ ಕಾಯಿ, ಹಳದಿಯಾದರೆ ಹಣ್ಣು, ಚುಕ್ಕಿಗಳನ್ನು ಎಣಿಸಿ ಹೇಳಬಹುದು. ಕಮಲಾಪುರದವಳಿಗೆ ಇದಕ್ಕಿಂತ ಬೇರೆ ವಿಷಯ ಬೇಕೆ? ಆ ಊರಿನ ಕೆಂಬಾಳೆಯು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಹಣ್ಣು. ಸುತ್ತಣ ಸೀಮೆಯೆಲ್ಲ ತೊಗರಿ ಬೆಳೆಯುವ ಕರಿಯ ನೆಲವಾಗಿದ್ದರೆ, ಇಲ್ಲಿಯ ಕಣಿವೆಯಲ್ಲಿ ಕೆಂಪು ಮಣ್ಣು. ಅದರಲ್ಲಿ ಎತ್ತರವಾದ ಗಿಡ, ಕೆಂಪು ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು. ಬೇರೆ ಬಾಳೆಗಿಂತ ಹೆಚ್ಚು ಕಾಲ ಕಾಯಿಸಿ ಫಲ ಕೊಡುತ್ತದೆ, ಬೆಲೆಯೂ ಹೆಚ್ಚು. ಆದುದರಿಂದ ಗೊನೆಯನ್ನು ಯಾವ ದಿನ ಕೊಯ್ಯಬೇಕೆಂಬುದು ಮನೆಯಲ್ಲಿ ದೊಡ್ಡ ಪ್ರಶ್ನೆ. ಎಳೆಯದನ್ನು ಕೊಯ್ದರೆ ಸುಕ್ಕಿ ಸಪ್ಪೆಯಾಗುತ್ತದೆ. ತಡಮಾಡಿದರೆ ಸಿಪ್ಪೆ ಬಿರಿದು, ದಾರಿಯಲ್ಲಿಯೇ ಮೆತ್ತಗಾಗುತ್ತದೆ. ಈ ತೀರ್ಮಾನವನ್ನು ಮೂವತ್ತು ವರುಷ ಮಾಡಿದ ತಂದೆಯ ಕಣ್ಣಿಗೆ ಈಗ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಗೆಂದು ಕರೆದಾಗಲೆಲ್ಲ, ಈ ಗೊನೆಗಳು ಇಳಿಯಲಿ, ಆಮೇಲೆ ಎನ್ನುತ್ತಿದ್ದರು. ಗೊನೆಗಳು ಇಳಿದ ಮೇಲೆ ಬೇರೆ ಗೊನೆಗಳು ಬರುತ್ತಿದ್ದವು.

ಮಗಳು ತೋಟದ ಚಿತ್ರಗಳನ್ನು ತಂದಳು. ಮೊದಲನೆಯ ಸಲ ತೆರೆಯ ಮೇಲೆ ಮೂಡಿದ್ದು ನೀಲಿಯ ಬಾಳೆ. ತರಗತಿಯೆಲ್ಲ ನಕ್ಕಿತು. 1999ರಲ್ಲಿ ಇಂಟೆಲ್ ಸಂಸ್ಥೆಯಲ್ಲಿ ಆರಂಭವಾದ ಓಪನ್‌ಸಿವಿ ಎಂಬ ಉಪಕರಣವು ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಓದುತ್ತದೆ. ತೋರಿಸುವ ಉಪಕರಣವು ಅದನ್ನೇ ಕೆಂಪು, ಹಸಿರು, ನೀಲಿ ಎಂದು ಭಾವಿಸಿದರೆ ಕೆಂಪೆಲ್ಲ ನೀಲಿಯಾಗುವುದು ಸಹಜ. ಕ್ರಮವನ್ನು ತಿರುಗಿಸಿದ್ದಾಯಿತು. ಬಳಿಕ ಕೆಂಪು ಹೆಚ್ಚಾಗಿರುವ ಚುಕ್ಕಿಗಳನ್ನು ಎಣಿಸೆಂದರೆ, ಯಂತ್ರವು ಹಣ್ಣಿನೊಡನೆ ಕೆಳಗಿನ ಮಣ್ಣನ್ನೂ ಎಣಿಸಿತು, ಮೂಲೆಯಲ್ಲಿ ನಿಂತಿದ್ದ ತಾಯಿಯ ಸೆರಗನ್ನೂ ಎಣಿಸಿತು. ಅದನ್ನೂ ಸರಿಪಡಿಸಬಹುದಾಗಿತ್ತು. ನಿಜವಾದ ತೊಡಕು ಬೇರೆ. ಕೆಂಬಾಳೆಯು ಎಳೆಯದಾಗಿದ್ದಾಗಲೂ ಕೆಂಪು, ಬಲಿತಾಗಲೂ ಕೆಂಪು. ಪಕ್ವವಾದಾಗ ಕಪ್ಪುಗೆಂಪು ತುಸು ತಿಳಿಯಾಗಿ ಕಿತ್ತಳೆಯ ಕಡೆಗೆ ವಾಲುವುದಷ್ಟೆ. ಆ ಹೊತ್ತಿಗೆ ಕೊಯ್ಲಿನ ಕಾಲ ಮೀರಿರುತ್ತದೆ. ಪೇಟೆಯ ಬಾಳೆಗಾಗಿ ಹುಟ್ಟಿದ ಪಾಠವು ಕಮಲಾಪುರದ ತೋಟದಲ್ಲಿ ನಿರುತ್ತರವಾಯಿತು.

ಎರಡು ವಾರ ಸಂಖ್ಯೆಗಳೊಡನೆ ಹೆಣಗಿ, ಕಡೆಗೆ ಆಕೆ ತಂದೆಯನ್ನೇ ಕೇಳಿದಳು. ಅವರು ಅಚ್ಚರಿಪಟ್ಟರು. “ಬಣ್ಣಾ ನೋಡಿ ಯಾರರ ಗೊನಿ ಕೊಯ್ತಾರೇನವ್ವಾ? ಏಣ ನೋಡಬೇಕು” ಎಂದರು. ಎಳೆಯ ಕಾಯಿಗೆ ಉದ್ದಕ್ಕೂ ಏಣುಗಳಿರುತ್ತವೆ. ತಿರುಳು ತುಂಬಿದಂತೆ ಅವು ಕರಗಿ ಕಾಯಿ ದುಂಡಗಾಗುತ್ತದೆ. ಏಣು ಅಳಿದರೆ ಕೊಯ್ಯಬಹುದು. ಗೊನೆ ಎಟುಕಿದರೆ ಹೆಬ್ಬೆರಳಿನಿಂದ ಸವರಿ ನೋಡುವುದು, ಎಟುಕದಿದ್ದರೆ ಕಣ್ಣಿನಿಂದ. ಇದು ಬಾಳೆ ಬೆಳೆಯುವವರೆಲ್ಲ ಬಲ್ಲ ಮಾತು. ತೋಟಗಾರಿಕೆಯ ಶಾಸ್ತ್ರಗ್ರಂಥಗಳೂ ಇದನ್ನೇ ಹೇಳುತ್ತವೆ. ತನ್ನ ಮನೆಯ ಜ್ಞಾನವು ಪಾಠಕ್ಕೆ ಬೇಕಾದೀತೆಂದು ಮಗಳಿಗೆ ತೋರಿರಲಿಲ್ಲ, ಅಷ್ಟೆ. ಅದು ಆಕೆಯೊಬ್ಬಳ ದೋಷವೂ ಅಲ್ಲ. ನಗರಕ್ಕೆ ಓದಲು ಹೋದ ಮಕ್ಕಳೆಲ್ಲರೂ ತೋಟವನ್ನು ಬಸ್ಸಿನ ಆಚೆಗೆ ಬಿಟ್ಟು ಹೋಗುವಂತೆಯೇ ಶಿಕ್ಷಣವು ನಡೆಯುತ್ತಿದೆ.

ಏಣೆಂದರೆ ಅಂಚು. ಕೋಟೆಯ ಕಮಾನಿಗೆ ಮಾಡಿದ್ದನ್ನೇ ಇಲ್ಲಿಯೂ ಮಾಡಬಹುದಲ್ಲ! ಏಣಿನ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ನೆರಳು. ಎಳೆಯ ಕಾಯಿಯಲ್ಲಿ ಸಂಖ್ಯೆಗಳು 60, 62, 118, 120 ಎಂದು ಹಾರಿದರೆ, ಬಲಿತ ಕಾಯಿಯಲ್ಲಿ 60, 80, 100, 120 ಎಂದು ಸಮವಾಗಿ ಏರುತ್ತವೆ. ಮತ್ತೊಂದು ತೊಡಕು ಎದುರಾಯಿತು: ಬಣ್ಣದ ಚಿತ್ರವನ್ನು ಬೂದುಬಣ್ಣಕ್ಕೆ ಇಳಿಸುವ ವಾಡಿಕೆಯ ಸೂತ್ರವು ಹಸಿರಿಗೆ 0.587, ಕೆಂಪಿಗೆ 0.299, ನೀಲಿಗೆ 0.114 ತೂಕ ಕೊಡುತ್ತದೆ. ಮನುಷ್ಯರ ಕಣ್ಣು ಹಸಿರಿಗೆ ಹೆಚ್ಚು ಚುರುಕಾಗಿರುವುದೇ ಇದಕ್ಕೆ ಕಾರಣ. ಆದರೆ ಇದರಿಂದ ಕೆಂಬಾಳೆಯು ಕತ್ತಲೆಯಲ್ಲಿ ಮುಳುಗಿ ಏಣೇ ಕಾಣದಾಯಿತು. ಆಕೆ ಸೂತ್ರವನ್ನು ಬದಿಗಿಟ್ಟು ಕೆಂಪಿನ ಸಂಖ್ಯೆಯೊಂದನ್ನೇ ತೆಗೆದುಕೊಂಡಳು, ಹಣ್ಣು ಬೆಳಗಿತು. ಮಣ್ಣು ಅಡ್ಡಬಾರದಂತೆ ತಂದೆಯು ತಮ್ಮ ಧೋತರವನ್ನು ಗೊನೆಯ ಹಿಂದೆ ಪರದೆಯಾಗಿ ಹಿಡಿದು ನಿಂತರು.

ಒಂದು ಭಾನುವಾರ ಹನ್ನೆರಡು ಗೊನೆಗಳ ಪರೀಕ್ಷೆ ನಡೆಯಿತು. ಏಣಿಗಳನ್ನು ತಂದು, ಮೊದಲು ತಂದೆಯು ಪ್ರತಿಯೊಂದನ್ನೂ ಮುಟ್ಟಿ ತಮ್ಮ ತೀರ್ಪನ್ನು ಹೆಂಡತಿಯ ಕಿವಿಯಲ್ಲಿ ಹೇಳಿದರು. ಬಳಿಕ ಯಂತ್ರದ ತೀರ್ಪು. ಒಂಬತ್ತರಲ್ಲಿ ಎರಡೂ ಒಂದೇ ಆದವು. ಎರಡು ಗೊನೆಗಳು ಎಲೆಯ ನೆರಳಿನಲ್ಲಿದ್ದು, ಬೆಳಕು ಎಲ್ಲ ಕಡೆಯಿಂದಲೂ ಸಮವಾಗಿ ಬಿದ್ದುದರಿಂದ, ಯಂತ್ರವು ಎಳೆಯದನ್ನೂ ಬಲಿತದ್ದೆಂದಿತು. ಅವನ್ನು ಬಿಸಿಲಿನಲ್ಲಿ ಮತ್ತೆ ತೆಗೆಯಬೇಕು. ಹನ್ನೆರಡನೆಯದರಲ್ಲಿ ಮಾತ್ರ ನೆರಳಿನ ನೆಪವಿರಲಿಲ್ಲ. ಇನ್ನೂ ಬಲಿತಿಲ್ಲವೆಂದು ಯಂತ್ರ, ಬಲಿತಿದೆಯೆಂದು ತಂದೆ. ಅವರು ಮತ್ತೆ ಏಣಿ ಹತ್ತಿ, ಕೆಳಗಿನ ಸಾಲಿನ ಕಾಯಿಗಳನ್ನೂ ಮೇಲಿನವನ್ನೂ ಸವರಿ, ಬಹಳ ಹೊತ್ತು ಸುಮ್ಮನಿದ್ದರು. ಮಗಳನ್ನೂ ಹತ್ತಿಸಿ ಮುಟ್ಟಿ ನೋಡೆಂದರು. ಆಕೆಯ ಹೆಬ್ಬೆರಳಿಗೆ ಇನ್ನೂ ಆ ಭಾಷೆ ಬಾರದು.

ಆ ಗೊನೆಯನ್ನು ಕೊಯ್ಯಲಿಲ್ಲ. ಗುರುತಿಗೆ ಬಿಳಿಯ ದಾರ ಕಟ್ಟಿ, ದಿನಕ್ಕೊಂದು ಚಿತ್ರ ತೆಗೆಯುವುದೆಂದೂ, ತೆಗೆದ ಮೇಲೆ ಮುಟ್ಟಿ ನೋಡುವುದೆಂದೂ ಮಗಳಿಗೆ ಒಪ್ಪಿಸಿದರು. ತಾವು ಸೋಮವಾರ ಕಲಬುರಗಿಯ ಕಣ್ಣಿನ ಆಸ್ಪತ್ರೆಗೆ ಹೋಗುವುದಾಗಿ ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿದರು.